ಬೈಬಲ್ಲು, ಕೊಡೆ, ಗಂಬೂಟು

ಮಡಿಕೇರಿಯಲ್ಲಿ ಒಂದು ಸಂಜೆ ಕಾಲೇಜು ವಿದ್ಯಾರ್ಥಿಗಳು ಮತ್ತು ಊರಿನ ಹಿರಿಯರ ಎದುರು ಆಡಿದ ಮಾತು ಇದು. ಬರೆಯುವಾಗ ಅಲ್ಲಲ್ಲಿ ಒಪ್ಪ ಮಾಡಿದ್ದೇನೆ, ಪೂರ್ತಿ ಅಲ್ಲ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.

ಎಲ್ಲರಿಗೂ ನಮಸ್ಕಾರ.

ನನಗೆ ಕೊಟ್ಟಿರುವ ವಿಷಯ 'ಧರ್ಮಸೇವೆ ಮತ್ತು ಪ್ರಕೃತಿ'. ಇಂಥ ವಿಷಯ ಸಿಕ್ಕರೆ ನಮ್ಮಂಥ ಪಾದ್ರಿಗಳು ಮಂಜು, ಬೆಟ್ಟ, ಹಕ್ಕಿ ಎಂದು ಶುರು ಮಾಡಿ, ದೇವರ ಸೃಷ್ಟಿ ಎಷ್ಟು ಚೆಂದ ಎಂದು ಮುಗಿಸಿಬಿಡುತ್ತೇವೆ. ಕೊಡಗಿನವರಿಗೆ ಅದನ್ನು ಇನ್ನೊಬ್ಬರು ಬಂದು ಹೇಳಬೇಕಾಗಿಲ್ಲ. ಕಿಟಕಿ ತೆಗೆದರೆ ಕಾಣುತ್ತದೆ. ಅದಕ್ಕೇ ನಾನು ಕೆಲಸದ ಬಗ್ಗೆ ಮಾತಾಡುತ್ತೇನೆ. ಈ ಜಿಲ್ಲೆಯಲ್ಲಿ ಒಬ್ಬ ಸಭಾಪಾಲಕನ ಕೆಲಸ ಹೇಗೆ ನಡೆಯುತ್ತದೆ, ಅದರಲ್ಲಿ ಬಾಯಿಗೆ ಎಷ್ಟು, ಕಾಲಿಗೆ ಎಷ್ಟು ಎಂದು. ಮೊದಲೇ ಹೇಳಿಬಿಡುತ್ತೇನೆ, ಕಾಲಿಗೇ ಜಾಸ್ತಿ.

ನಮ್ಮ ಸಭೆಯ, ಅಂದರೆ ನಮ್ಮ ಚರ್ಚಿಗೆ ಸೇರಿದವರ, ಮನೆಗಳು ಒಂದು ಬೀದಿಯಲ್ಲಿ ಇಲ್ಲ. ಒಂದು ತೋಟದ ಲೈನಿನಲ್ಲಿ, ಅಂದರೆ ಕೆಲಸಗಾರರ ಸಾಲುಮನೆಗಳಲ್ಲಿ, ಎರಡು ಮನೆ, ಪಕ್ಕದ ತೋಟದಲ್ಲಿ ಒಂದು, ಹೊಳೆಯ ಆಚೆ ಮೂರು. ಬಸ್ಸು ದೊಡ್ಡ ರಸ್ತೆಯಲ್ಲಿ ಇಳಿಸಿ ಹೋಗುತ್ತದೆ. ಅಲ್ಲಿಂದ ತೋಟದ ಗೇಟು, ಗೇಟಿನಿಂದ ಕಾಫಿ ಒಣಗಿಸುವ ಕಣ, ಕಣ ದಾಟಿದರೆ ಇಳಿಜಾರು, ಆಮೇಲೆ ಲೈನ್ ಮನೆ. ಜೀಪಿದ್ದವರಿಗೆ ಹತ್ತು ನಿಮಿಷದ ದಾರಿ. ನಮ್ಮವರಲ್ಲಿ ಜೀಪಿದ್ದವರು ಕಡಿಮೆ.

ಇನ್ನು ಭಾನುವಾರದ ವಿಷಯ. ಸಿದ್ದಾಪುರದಲ್ಲೂ ಗೋಣಿಕೊಪ್ಪಲಿನಲ್ಲೂ ಸಂತೆ ಭಾನುವಾರವೇ. ತೋಟಕ್ಕೆ ರಜೆ ಅವತ್ತು, ಬಟವಾಡೆ ಕೈಗೆ ಬಂದಿರುವುದೂ ಆಗಲೇ. ಅಕ್ಕಿ, ಒಣಮೀನು, ಮಕ್ಕಳ ಚಪ್ಪಲಿ, ಮೊಬೈಲ್ ರೀಚಾರ್ಜು ಎಲ್ಲ ಅವತ್ತೇ ಆಗಬೇಕು. ಅಂಥ ದಿನ ಹತ್ತೂವರೆಗೆ ಆರಾಧನೆ ಇಟ್ಟುಕೊಂಡು, ಜನರಿಗೆ ಭಕ್ತಿ ಕಡಿಮೆಯಾಯಿತು ಎಂದು ಗೊಣಗುವ ಪಾದ್ರಿಗಳನ್ನು ನಾನು ನೋಡಿದ್ದೇನೆ. ಭಕ್ತಿ ಕಡಿಮೆಯಾಗಿಲ್ಲ ಸ್ವಾಮಿ, ಗಡಿಯಾರ ಸರಿಯಿಲ್ಲ! ನಾವು ಬೆಳಿಗ್ಗೆ ಬೇಗ ಶುರು ಮಾಡುತ್ತೇವೆ. ಬೆಂಚಿನ ಕೆಳಗೆ ಖಾಲಿ ಸಂತೆ ಚೀಲ ಮಡಚಿಟ್ಟುಕೊಂಡು ಕೂತವರ ಎದುರು ಪ್ರಸಂಗ ಇಪ್ಪತ್ತು ನಿಮಿಷ ದಾಟಬಾರದು. ದಾಟಿದರೆ ಮೊದಲ ಬಸ್ಸು ತಪ್ಪುತ್ತದೆ. ಮೊದಲ ಬಸ್ಸು ತಪ್ಪಿದರೆ ಒಳ್ಳೆ ಮೀನು ತಪ್ಪುತ್ತದೆ. ಆ ಶಾಪ ಯಾವ ಪಾದ್ರಿಗೂ ಬೇಡ.

ಸ್ವಲ್ಪ ಹಳೆಯ ಕತೆ ಹೇಳಬೇಕು. ಕೊಡಗಿನಲ್ಲಿ ಕ್ರೈಸ್ತರು ಎಂದರೆ ಬ್ರಿಟಿಷರ ಜೊತೆ ಬಂದವರು ಎಂದು ಸುಮಾರು ಜನ ತಿಳಿದಿದ್ದಾರೆ. ಹಾಗಲ್ಲ. ವಿರಾಜಪೇಟೆಯ ಸಂತ ಅನ್ನಮ್ಮನವರ ಚರ್ಚು 1792ರದ್ದು. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕ್ಯಾಥೋಲಿಕರಿಗೆ ಕೊಡಗಿನ ರಾಜ ದೊಡ್ಡ ವೀರರಾಜೇಂದ್ರ ಜಾಗ ಕೊಟ್ಟು ನಿಲ್ಲಿಸಿದ್ದು. ಬ್ರಿಟಿಷರು ಕೊಡಗನ್ನು ತೆಗೆದುಕೊಂಡದ್ದು 1834ರಲ್ಲಿ, ಅಂದರೆ ಅದಾಗಿ ನಲವತ್ತು ವರ್ಷಕ್ಕೂ ಮೇಲೆ.

ನಾನು ಸೇರಿದ ಸಭೆಯ ಬೇರು ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನದು. ಆ ಮಿಷನ್ನಿನ ಪಾದ್ರಿ ಹರ್ಮನ್ ಮೊಗ್ಲಿಂಗ್ ಹೆಸರು ನೀವು ಕೇಳಿರುತ್ತೀರಿ. 1843ರಲ್ಲಿ 'ಮಂಗಳೂರ ಸಮಾಚಾರ' ಶುರು ಮಾಡಿದವರು, ಕನ್ನಡದ ಮೊದಲ ಪತ್ರಿಕೆ ಅದು. ಪತ್ರಿಕೆ ಎಲ್ಲರಿಗೂ ನೆನಪಿದೆ, ಅವರು ಕೊಡಗಿಗೆ ಹೇಗೆ ಬಂದರು ಎನ್ನುವುದು ಅಷ್ಟು ನೆನಪಿಲ್ಲ. 1850ರ ದಶಕದ ಮೊದಲ ವರ್ಷಗಳಲ್ಲಿ ಆಲ್ಮಂಡ ಸೋಮಯ್ಯ ಎಂಬ ಕೊಡವರೊಬ್ಬರು ಘಟ್ಟ ಇಳಿದು ಮಂಗಳೂರಿಗೆ ಹೋಗಿ ಇವರನ್ನು ಹುಡುಕಿದರು. ದೀಕ್ಷಾಸ್ನಾನದ ಮೇಲೆ ಅವರು ಸ್ಟೆಫನಸ್ ಸೋಮಯ್ಯ. ಅವರ ಬೆನ್ನಿಗೆ ಮೊಗ್ಲಿಂಗ್ ಘಟ್ಟ ಹತ್ತಿದರು. ಮಿಷನರಿ ಜನರನ್ನು ಹುಡುಕಿಕೊಂಡು ಬಂದ ಎಂದೇ ಎಲ್ಲರೂ ಹೇಳುವುದು. ಇಲ್ಲಿ ಮೊದಲು ಹುಡುಕಿಕೊಂಡು ಹೋದದ್ದು ಕೊಡಗಿನ ಮನುಷ್ಯ. ನನಗೆ ಈ ಕತೆಯಲ್ಲಿ ಇಷ್ಟವಾಗುವ ಭಾಗ ಅದೇ.

ಅಮ್ಮತ್ತಿ ಕಡೆಯ ಆನಂದಪುರ ಹುಟ್ಟಿದ್ದು ಹಾಗೆ. ಅಲ್ಲಿಗೆ ಬಂದು ಸೇರಿದವರಲ್ಲಿ ಹೆಚ್ಚಿನವರು ಬೇರೆಯವರ ಭೂಮಿಗೆ ಕಟ್ಟುಬಿದ್ದು ದುಡಿಯುತ್ತಿದ್ದವರು. ಅವರಿಗೆ ಪ್ರಾರ್ಥನೆಯ ಜೊತೆಗೇ ಬದುಕುವುದಕ್ಕೆ ದಾರಿಯೂ ಬೇಕಿತ್ತು, ಅದಕ್ಕೆ ಕಾಫಿ ಹಾಕಿದರು. ನಮ್ಮ ಸಭೆಗೂ ಕಾಫಿ ಗಿಡಕ್ಕೂ ನಂಟು ಅಷ್ಟು ಹಳೆಯದು. ಮೊಗ್ಲಿಂಗ್ 1855ರಲ್ಲಿ ಕೊಡಗಿನ ಬಗ್ಗೆ ಪುಸ್ತಕ ಬರೆದರು. ಹೆಂಡತಿಯ ಆರೋಗ್ಯ ಕೆಟ್ಟು 1860ರಲ್ಲಿ ಜರ್ಮನಿಗೆ ಮರಳಿದವರು ಮತ್ತೆ ಬರಲಿಲ್ಲ. ಮಡಿಕೇರಿಯ ಶಾಲೆಯಲ್ಲಿದ್ದ ರಿಕ್ಟರ್ ಪಾದ್ರಿ 1870ರಲ್ಲಿ ಕೊಡಗಿನ ಕೈಪಿಡಿ ಹೊರತಂದರು. ಮಳೆ, ಮರ, ಪ್ರಾಣಿ, ಜಾತಿ, ಹಬ್ಬ ಎಲ್ಲ ಇದೆ ಅದರಲ್ಲಿ. ಅವರ ಕೆಲವು ಅಭಿಪ್ರಾಯಗಳು ಇವತ್ತು ಓದಿದರೆ ಸಿಟ್ಟು ಬರುತ್ತದೆ. ಬರಲಿ. ಆದರೂ ಕೂತಲ್ಲೇ ಬರೆದ ಪುಸ್ತಕವಲ್ಲ ಅದು ಎಂದು ಓದಿದವರಿಗೆ ಗೊತ್ತಾಗುತ್ತದೆ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ.

ಒಂದು ಲೈನ್ ಮನೆಗೆ ಹೋದೆ ಎಂದುಕೊಳ್ಳಿ. ಪಕ್ಕದ ಮನೆಯಿಂದ ಪ್ಲಾಸ್ಟಿಕ್ ಕುರ್ಚಿ ಬರುತ್ತದೆ. ಅದನ್ನು ಟವಲಿನಲ್ಲಿ ಒರೆಸಿ ನನ್ನನ್ನು ಕೂರಿಸುತ್ತಾರೆ. ಅವರೆಲ್ಲ ನೆಲದ ಮೇಲೆ, ಇಲ್ಲವೇ ಬಾಗಿಲಿಗೆ ಒರಗಿ ನಿಂತು. ಬೆಲ್ಲದ ಕಪ್ಪು ಕಾಫಿ ಬರುತ್ತದೆ. "ಹೇಗಿದ್ದೀರಿ?" ಎಂದರೆ "ದೇವರು ಚೆನ್ನಾಗಿ ಇಟ್ಟಿದ್ದಾರೆ ಅಯ್ಯನೋರೇ" ಎನ್ನುತ್ತಾರೆ. ಮಗಳ ಓದು, ಚೆನ್ನಾಗಿದೆ. ಗಂಡನ ಕೆಲಸ, ಚೆನ್ನಾಗಿದೆ. ಅಜ್ಜಿಯ ಮಂಡಿ ನೋವೂ ಚೆನ್ನಾಗಿದೆ! ವಾಕ್ಯ ಓದುತ್ತೇನೆ, ಪ್ರಾರ್ಥನೆ ಮಾಡುತ್ತೇನೆ, ಎದ್ದೇಳುತ್ತೇನೆ. ಇಲ್ಲಿಯ ತನಕ ನಡೆದದ್ದರಲ್ಲಿ ನಿಜವಾದ ಮಾತು ಒಂದೂ ಇಲ್ಲ.

ಆಗ ಮನೆಯವರಲ್ಲಿ ಒಬ್ಬರು ಟಾರ್ಚ್ ತೆಗೆದುಕೊಳ್ಳುತ್ತಾರೆ. "ಗೇಟಿನ ತನಕ ಬಿಟ್ಟು ಬರ್ತೀನಿ" ಎನ್ನುತ್ತಾರೆ. ಸೇವೆ ಶುರುವಾಗುವುದು ಆಗ.

ಕಾಫಿ ಗಿಡದ ಮಧ್ಯದ ದಾರಿ ಕಿರಿದು. ಒಬ್ಬರ ಹಿಂದೆ ಒಬ್ಬರು ನಡೆಯಬೇಕು. ಮುಖ ಕಾಣಿಸುವುದಿಲ್ಲ. ಕುರ್ಚಿ ಇಲ್ಲ, ಮೇಲೆ ಕೂತವರು ಕೆಳಗೆ ಕೂತವರು ಎಂದಿಲ್ಲ. ಸ್ವಲ್ಪ ದೂರ ಸುಮ್ನೆ ನಡೆಯುತ್ತಾರೆ. ಆಮೇಲೆ ಬೆನ್ನ ಹಿಂದಿನಿಂದ ಮಾತು ಬರುತ್ತದೆ. ಸಂಘದ ಸಾಲ ಮೂರು ಕಡೆ ಆಗಿದೆ. ಹುಡುಗ ಬೆಂಗಳೂರಿಗೆ ಹೋದವನು ಫೋನ್ ಎತ್ತುತ್ತಿಲ್ಲ. ಮೊನ್ನೆ ತೋಟಕ್ಕೆ ತಂದ ಔಷಧಿ ಡಬ್ಬಿ ಕೈಯಲ್ಲಿ ಹಿಡಿದು ಕೂತಿದ್ದೆ, ಕುಡಿಯಲಿಲ್ಲ. ಈ ಕೊನೆಯ ಮಾತನ್ನು ನಾನು ಕುರ್ಚಿಯ ಮೇಲೆ ಕೂತು ಒಂದು ಸಲವೂ ಕೇಳಿಲ್ಲ. ದಾರಿಯಲ್ಲಿ ಕೇಳಿದ್ದೇನೆ. ಅಂಥ ದಿನ ಗೇಟು ಬಂದರೂ ಬೀಳ್ಕೊಡುವುದಿಲ್ಲ, ತಿರುಗಿ ಅವರನ್ನು ಮನೆ ತನಕ ಬಿಡಲು ನಾನು ಹೋಗುತ್ತೇನೆ. ಮತ್ತೆ ಅವರು ನನ್ನನ್ನು ಬಿಡಲು ಬರುತ್ತಾರೆ.

ಮಂಗಳೂರಿನಲ್ಲಿ ನಮಗೆ ದೇವಶಾಸ್ತ್ರ ಕಲಿಸಿದರು, ಗ್ರೀಕ್ ಕಲಿಸಿದರು, ಆಪ್ತಸಮಾಲೋಚನೆಯನ್ನೂ ಕಲಿಸಿದರು. ಅದರಲ್ಲಿ ಎರಡು ಕುರ್ಚಿ ಎದುರುಬದುರು ಹಾಕಿ ಕೂರುವ ಪಾಠ ಇತ್ತು. ಪಟ್ಟಣಕ್ಕೆ ಅದು ಸರಿ ಇರಬಹುದು. ತೋಟದ ಜನ ಎದುರು ಕೂತು ಮನಸ್ಸು ಬಿಚ್ಚುವವರಲ್ಲ. ಯೇಸು ಶಿಷ್ಯರ ಜೊತೆ ಆಡಿದ ಮಾತುಗಳಲ್ಲಿ ಎಷ್ಟೊಂದು ದಾರಿಯಲ್ಲಿ ನಡೆಯುತ್ತಾ ಆಡಿದವು ಎಂದು ಸುವಾರ್ತೆ ಓದಿ ನೋಡಿ. ಎಮ್ಮಾಹು ಎಂಬ ಊರಿಗೆ ಇಬ್ಬರು ನಡೆದು ಹೋಗುತ್ತಿರುವಾಗ ಯೇಸು ಮೂರನೆಯವನಾಗಿ ಜೊತೆಗೂಡುವ ಕತೆ ಲೂಕನ ಕೊನೆಯ ಅಧ್ಯಾಯದಲ್ಲಿದೆ. ಅಲ್ಲೂ ಅವನು ಮೊದಲು ಮಾಡುವುದು ಪ್ರಸಂಗವಲ್ಲ. ನೀವೇನು ಮಾತಾಡಿಕೊಂಡು ಬರುತ್ತಿದ್ದೀರಿ ಎಂದು ಕೇಳುತ್ತಾನೆ.

ಈಗ ತೊಂದರೆ ಏನಾಗಿದೆ ಎಂದರೆ, ಆ ದಾರಿಯೇ ಕಡಿಮೆಯಾಗುತ್ತಿದೆ. ಕಾರಣ ನಿಮಗೆಲ್ಲ ಗೊತ್ತು. ಆನೆ.

ನಾನು ಸೇವೆಗೆ ಬಂದ ಹೊಸತರಲ್ಲಿ ಆನೆ ಎಂದರೆ ಕಾಡಂಚಿನ ತೋಟಗಳ ಮಾತಾಗಿತ್ತು. ಈಗ ಸಿದ್ದಾಪುರ, ಪಾಲಿಬೆಟ್ಟ, ಅಮ್ಮತ್ತಿ ಸುತ್ತಿನ ತೋಟಗಳಲ್ಲಿ ವರ್ಷಪೂರ್ತಿ ಇರುತ್ತವೆ. ತೋಟದಲ್ಲಿ ಕೆರೆ ಇದೆ, ನೆರಳಿದೆ, ಮೇ ತಿಂಗಳಿಂದ ಹಲಸಿನ ಹಣ್ಣಿದೆ. ತೋಟದಲ್ಲೇ ಹುಟ್ಟಿದ ಮರಿಗಳಿಗೆ ತೋಟವೇ ಮನೆ. ಕಂದಕ ತೋಡಿದರು, ಸೋಲಾರ್ ಬೇಲಿ ಹಾಕಿದರು, ರೈಲ್ವೆ ಹಳಿ ನೆಟ್ಟರು. ಕೆಲವು ಕಡೆ ಪ್ರಯೋಜನ ಆಯಿತು, ಕೆಲವು ಕಡೆ ಆನೆ ಬೇಲಿಯ ಈಚೆಗೇ ಉಳಿದುಕೊಂಡಿತು.

ಹಾಗಾಗಿ ಸಂಜೆ ಐದು ದಾಟಿದರೆ ನನ್ನನ್ನು ನಡೆದು ಹೋಗಲು ಯಾರೂ ಬಿಡುವುದಿಲ್ಲ. "ಆನೆ ಇದೆ ಅಯ್ಯನೋರೇ, ರೈಟರ್ ಜೀಪಲ್ಲಿ ಬಿಡ್ತಾರೆ" ಎನ್ನುತ್ತಾರೆ. ರೈಟರ್ ಎಂದರೆ ತೋಟದ ಗುಮಾಸ್ತ. ಜೀಪಿನಲ್ಲಿ ಡ್ರೈವರ್ ಇರುತ್ತಾನೆ, ಹಿಂದೆ ಗೊಬ್ಬರದ ಚೀಲ ಇರುತ್ತದೆ, ರೇಡಿಯೋ ಹಾಡುತ್ತಿರುತ್ತದೆ. ಯಾರೂ ಏನೂ ಹೇಳುವುದಿಲ್ಲ. ಆನೆ ಕಾಟದಿಂದ ಇಷ್ಟು ಬೆಳೆ ಹೋಯಿತು, ಇಷ್ಟು ಜೀವ ಹೋಯಿತು ಎಂದು ಪತ್ರಿಕೆಯಲ್ಲಿ ಬರುತ್ತದೆ. ಆಡದೆ ಉಳಿದುಹೋದ ಮಾತಿಗೆ ಲೆಕ್ಕ ಇಡುವವರಿಲ್ಲ.

ಅದಕ್ಕೆ ನಾನು ಮನೆ ಭೇಟಿಯನ್ನು ಮಧ್ಯಾಹ್ನಕ್ಕೆ ತಂದೆ. ಮಧ್ಯಾಹ್ನ ಜನ ಕೆಲಸದಲ್ಲಿ ಇರುತ್ತಾರೆ, ಆದ್ದರಿಂದ ನಾನೇ ಕೆಲಸದ ಜಾಗಕ್ಕೆ ಹೋಗುತ್ತೇನೆ, ಮೇಸ್ತ್ರಿಗೆ ಹೇಳಿ. ಕರಿಮೆಣಸು ಕೊಯ್ಯುವಾಗ ಏಣಿಯ ಕೆಳಗೆ ನಿಂತು ಹಿಡಿದುಕೊಳ್ಳಲು ಒಬ್ಬರು ಬೇಕೇ ಬೇಕು, ಅಲ್ವಾ? ಆ ಕೆಲಸ ನನಗೆ ಬರುತ್ತದೆ. ಮೇಲೆ ಇರುವವನು ಮೆಣಸು ಕೊಯ್ಯುತ್ತಾ ಮಾತಾಡುತ್ತಾನೆ, ಮುಖ ಕಾಣಿಸುವುದಿಲ್ಲ. ದಾರಿಯಷ್ಟೇ ಒಳ್ಳೆಯ ಜಾಗ ಅದು.

ಆನೆ ಇರುವ ದಾರಿಯಲ್ಲಿ ನಡೆಯುವುದನ್ನು ನನಗೆ ಕಲಿಸಿದವರು ಒಬ್ಬ ಹಿರಿಯ ಕೆಲಸಗಾರರು. ಹೈಸ್ಕೂಲ್ ಮೆಟ್ಟಿಲು ಹತ್ತಿದವರಲ್ಲ. ಲದ್ದಿ ಕಂಡರೆ ಕಾಲಿನಿಂದ ಒಡೆದು ಕೈ ಹತ್ತಿರ ಹಿಡಿದು ಬಿಸಿ ನೋಡುತ್ತಿದ್ದರು. ಬಿಸಿ ಇದ್ದರೆ ವಾಪಸ್. ಹಲಸಿನ ವಾಸನೆ ಬಂದರೆ ನಿಲ್ಲು. ಕೊಂಬೆ ಮುರಿಯುವ ಸದ್ದು ಕೇಳಿ, ಆಮೇಲೆ ಪೂರ್ತಿ ನಿಶ್ಶಬ್ದವಾದರೆ ಇನ್ನೂ ಅಪಾಯ, ನೀನು ಬಂದದ್ದು ಅದಕ್ಕೆ ಗೊತ್ತಾಗಿದೆ. ನಾಯಿ ಜೊತೆಗೆ ಬೇಡ, ನಾಯಿ ಬೊಗಳಿ ಅದನ್ನು ಎಬ್ಬಿಸಿ ನಿನ್ನ ಕಾಲ ಸಂದಿಗೇ ಓಡಿ ಬರುತ್ತದೆ. ಎಲ್ಲಕ್ಕಿಂತ ಮುಖ್ಯ, ಗಟ್ಟಿಯಾಗಿ ಮಾತಾಡುತ್ತಾ ನಡೆ. ತಟ್ಟನೆ ಎದುರು ಬಿದ್ದರೇ ಆನೆಗೆ ಗಾಬರಿ.

ಇದರಿಂದ ಒಂದು ತಮಾಷೆ ಆಯಿತು. ನನಗೆ ಗುಟ್ಟು ಹೇಳಲು ಬಂದವರು ಅದನ್ನು ಗಟ್ಟಿಯಾಗಿ ಹೇಳಬೇಕು. ಒಬ್ಬಾತ ತಾನು ಕುಡಿತ ಬಿಡಲಾಗದ ಕತೆಯನ್ನು ಇಡೀ ಗುಡ್ಡಕ್ಕೆ ಕೇಳುವ ಹಾಗೆ ಹೇಳಿಕೊಂಡು ನನ್ನ ಹಿಂದೆ ಬಂದ. ಮಧ್ಯೆ ಮಧ್ಯೆ ನಾನು "ಹೌದಾ! ಆಮೇಲೆ?" ಎಂದು ಕೂಗುತ್ತಿದ್ದೆ. ನಾಚಿಕೆ ಪಡಲು ಇಬ್ಬರಿಗೂ ಪುರುಸೊತ್ತಿರಲಿಲ್ಲ.

ಎಲ್ಲ ಕತೆಯೂ ಹೀಗೆ ನಗುವ ಕತೆಯಲ್ಲ. ಒಂದು ಬೆಳಿಗ್ಗೆ ಕೆಲಸಕ್ಕೆ ಹೊರಟ ಹೆಣ್ಣುಮಗಳೊಬ್ಬಳು ಆನೆಗೆ ಸಿಕ್ಕಿ ತೀರಿಕೊಂಡಳು. ನಮ್ಮ ಸಭೆಯವಳು. ಮರಣೋತ್ತರ ಪರೀಕ್ಷೆ ಮುಗಿದು ದೇಹ ಕೈಗೆ ಬರುವಾಗ ಮಧ್ಯಾಹ್ನ ಕಳೆದಿತ್ತು. ಸಮಾಧಿ ಜಾಗ ತೋಟದ ಅಂಚಿನಲ್ಲಿದೆ, ಆ ಹಿಂಡು ಇನ್ನೂ ಅದೇ ಪಕ್ಕದಲ್ಲಿತ್ತು. ಅರಣ್ಯ ಇಲಾಖೆಯ ಸಿಬ್ಬಂದಿ ಪಟಾಕಿ ಹಿಡಿದು ನಾಲ್ಕು ಕಡೆ ನಿಂತರು. ಕತ್ತಲಾಗುವ ಮೊದಲು ಮುಗಿಸಿ ಎಂದರು.

ಅಂತ್ಯಕ್ರಿಯೆಯಲ್ಲಿ ನಾವು ಸಾಮಾನ್ಯವಾಗಿ 121ನೇ ಕೀರ್ತನೆ ಓದುತ್ತೇವೆ. ಬೆಟ್ಟಗಳ ಕಡೆಗೆ ಕಣ್ಣೆತ್ತಿ ನೋಡುವ ಕೀರ್ತನೆ, ಕೊಡಗಿನವರಿಗೆ ಬಹಳ ಇಷ್ಟ. ಆದರೆ ದೇವರು ನಿನ್ನ ಕಾಲು ಜಾರಲು ಬಿಡುವುದಿಲ್ಲ, ನೀನು ಹೋಗುವಾಗಲೂ ಬರುವಾಗಲೂ ಕಾಯುತ್ತಾನೆ ಎಂಬ ಅರ್ಥದ ಮಾತು ಅದರಲ್ಲಿದೆ. ಬೆಳಿಗ್ಗೆ ಹೊರಟ ಹೆಂಡತಿ ವಾಪಸ್ ಬರದ ಮನುಷ್ಯನ ಎದುರು ನಿಂತು ಅದನ್ನು ಓದುವುದು ಹೇಗೆ? ನಾನು 130ನೇ ಕೀರ್ತನೆ ತೆಗೆದೆ. ಆಳದಿಂದ ಕೂಗುವವನ ಪ್ರಾರ್ಥನೆ ಅದು, ಚಿಕ್ಕದು. ಅದು, ಒಂದು ಪ್ರಾರ್ಥನೆ, ಮಣ್ಣು. ಅಷ್ಟೇ. ಪಟಾಕಿ ಎರಡು ಸಲ ಸಿಡಿಯಿತು.

ವಾಪಸ್ ನಡೆಯುವಾಗ ಗಂಡ ನನ್ನ ಪಕ್ಕ ಬಂದ. ದೇವರು ಯಾಕೆ ಹೀಗೆ ಮಾಡಿದ ಎಂದು ಕೇಳುತ್ತಾನೆ ಎಂದುಕೊಂಡೆ. ಅವನು ಕೇಳಿದ್ದು, "ಅವಳ ಅವತ್ತಿನ ಹಾಜರಿ ಬಿದ್ದಿದೆಯಾ ಅಯ್ಯನೋರೇ?" ಎಂದು. ಕೆಲಸಕ್ಕೆ ಹಾಜರಾದ ಮೇಲೆ ಸತ್ತಳೋ, ಹಾಜರಾಗುವ ಮೊದಲೋ ಎನ್ನುವುದರ ಮೇಲೆ ಎಷ್ಟೋ ನಿಂತಿರುತ್ತದೆ. ಆ ಮನುಷ್ಯನಿಗೆ ಇಬ್ಬರು ಮಕ್ಕಳು. ಅವನು ಕೇಳಿದ್ದೇ ಸರಿಯಾದ ಪ್ರಶ್ನೆ.

ಆಮೇಲಿನ ತಿಂಗಳುಗಳಲ್ಲಿ ನಮ್ಮ ಸೇವೆ ಎಂದರೆ ಪರಿಹಾರದ ಕಾಗದ. ಎಫ್‌ಐಆರ್ ಪ್ರತಿ, ಪರೀಕ್ಷೆಯ ವರದಿ, ವಂಶವೃಕ್ಷ, ಬ್ಯಾಂಕ್ ಪಾಸ್‌ಬುಕ್. ಆಧಾರ್‌ನಲ್ಲಿ ಒಂದು ಹೆಸರು, ರೇಷನ್ ಕಾರ್ಡಿನಲ್ಲಿ ಇನ್ನೊಂದು. ಒಂದು ಕಚೇರಿಯಲ್ಲಿ ಎರಡೂ ಒಬ್ಬಳೇ ಎಂದು ಸಾಬೀತು ಮಾಡಿ ಎಂದರು. ದೀಕ್ಷಾಸ್ನಾನದ ರಿಜಿಸ್ಟರ್ ತೆಗೆದುಕೊಂಡು ಹೋಗಿ ತೋರಿಸಿದೆ. ಆ ಪುಸ್ತಕದಿಂದ ಇಂಥ ಉಪಯೋಗವೂ ಇದೆ.

ಗುಡ್ಡ ಕುಸಿದ 2018ರ ಆಗಸ್ಟ್ ಬಗ್ಗೆ ಮಾತಾಡದೆ ಮಡಿಕೇರಿಯಲ್ಲಿ ಮಳೆಯ ಮಾತು ಮುಗಿಯುವುದಿಲ್ಲ. ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಜೋಡುಪಾಲ. ಹೆಸರು ಹೇಳಿದರೆ ಸಾಕು, ಇಲ್ಲಿ ಕೂತವರಲ್ಲಿ ಕೆಲವರು ಆ ಊರಿನವರೇ. ಮರುವರ್ಷ ತೋರ, ಅದರ ಮರುವರ್ಷ ತಲಕಾವೇರಿಯ ಬ್ರಹ್ಮಗಿರಿ. ಶಾಲೆ, ಕಲ್ಯಾಣಮಂಟಪ, ಚರ್ಚು, ಮಸೀದಿ, ಮಠ ಎಲ್ಲ ಬಾಗಿಲು ತೆಗೆದವು. ಆಗ ಯಾರೂ ಯಾರ ಜಾತಿ ಕೇಳಲಿಲ್ಲ ಎಂದು ಈಗ ಭಾಷಣ ಮಾಡುತ್ತಾರೆ. ಕೇಳಿದವರೂ ಇದ್ದರು. ಆದರೆ ಕಡಿಮೆ.

ಪರಿಹಾರ ಕೇಂದ್ರದಲ್ಲಿ ನಾನು ಒಂದು ಮೂಲೆಯಲ್ಲಿ ಕೂತಿದ್ದ ಅಜ್ಜಿಯ ಹತ್ತಿರ ಹೋದೆ. ಪ್ರಾರ್ಥನೆ ಮಾಡಲಾ ಎಂದೆ. ಮಾಡಪ್ಪಾ, ಆದರೆ ಮೊದಲು ಎರಡು ಎಲೆ, ಒಂದು ಚೂರು ಅಡಿಕೆ ಸಿಗುತ್ತಾ ನೋಡು, ಎರಡು ದಿನ ಆಯಿತು ಎಂದರು. ಲಾರಿಗಟ್ಟಲೆ ಬಿಸ್ಕತ್ತು ಬಂದಿತ್ತು, ರಾಶಿ ರಾಶಿ ಹಳೆ ಬಟ್ಟೆ ಬಂದಿತ್ತು. ಎಲೆಅಡಿಕೆ ಕಳಿಸಬೇಕು ಎಂದು ಯಾರಿಗೂ ಹೊಳೆದಿರಲಿಲ್ಲ. ಮಳೆಯಲ್ಲಿ ಅಂಗಡಿ ಹುಡುಕಿ ತಂದೆ. ಅಜ್ಜಿಯ ಪಕ್ಕದಲ್ಲಿದ್ದ ನಾಲ್ಕೈದು ಜನ ಕೈಚಾಚಿದರು. ಅದರಲ್ಲಿ ಒಬ್ಬರೂ ನಮ್ಮ ಸಭೆಯವರಲ್ಲ.

ಬೈಬಲ್ಲಿನಲ್ಲಿ ಎಲೀಯ ಎಂಬ ಪ್ರವಾದಿ ಬದುಕು ಸಾಕಾಗಿ ಅಡವಿಯಲ್ಲಿ ಗಿಡದ ಕೆಳಗೆ ಮಲಗುತ್ತಾನೆ. ದೇವದೂತ ಬಂದು ಅವನಿಗೆ ಉಪದೇಶ ಮಾಡುವುದಿಲ್ಲ. ರೊಟ್ಟಿ ಕೊಡುತ್ತಾನೆ, ನೀರು ಕೊಡುತ್ತಾನೆ. ಅವನು ತಿಂದು ಮತ್ತೆ ಮಲಗುತ್ತಾನೆ. ಮತ್ತೆ ಎಬ್ಬಿಸಿ ಮತ್ತೆ ತಿನ್ನಿಸುತ್ತಾನೆ. ಮಾತೆಲ್ಲ ಆಮೇಲೆ.

ಅದೇ ಹೊತ್ತಿಗೆ ನಮ್ಮವರೇ ಕೆಲವರು ಬಂದು, ಇದು ಜನರ ಪಾಪಕ್ಕೆ ದೇವರ ಶಿಕ್ಷೆ, ಪ್ರಸಂಗದಲ್ಲಿ ಹೇಳಿ ಎಂದರು. ನಾನು ಒಪ್ಪಲಿಲ್ಲ. ಸಿಲೋವಾಮಿನಲ್ಲಿ ಬುರುಜು ಬಿದ್ದು 18 ಮಂದಿ ಸತ್ತಾಗ, ಅವರೇನು ಉಳಿದವರಿಗಿಂತ ದೊಡ್ಡ ಪಾಪಿಗಳಾ ಎಂದು ಯೇಸು ಕೇಳಿ, ಅಲ್ಲ ಎಂದು ತಾನೇ ಉತ್ತರ ಕೊಟ್ಟದ್ದು ಲೂಕನ 13ನೇ ಅಧ್ಯಾಯದಲ್ಲಿದೆ. ನಾನು ಅದನ್ನೇ ಓದಿದೆ. ದಿನಗಟ್ಟಲೆ ಬಿಡದೆ ಮಳೆ ಸುರಿಯಿತು. ಅದಕ್ಕೆ ಮೊದಲು ರಸ್ತೆಗೆ, ಮನೆಗೆ, ರೆಸಾರ್ಟಿಗೆ ಎಂದು ಗುಡ್ಡದ ಕಾಲು ಕಡಿದಿದ್ದೆವು, ನೀರು ಹರಿಯುವ ದಾರಿ ಮುಚ್ಚಿದ್ದೆವು. ಪಾಪ ಎನ್ನುವುದಾದರೆ ಜೆಸಿಬಿ ಬಾಡಿಗೆಗೆ ಕರೆದದ್ದನ್ನು ಎನ್ನಿ, ಒಪ್ಪುತ್ತೇನೆ. ಅದರ ಫಲ ಉಂಡವರು ಜೆಸಿಬಿ ಕರೆದವರಲ್ಲ.

ಇನ್ನು ಬೇಟೆ, ಮೀನು. ಹುಡುಗರು ಇದಕ್ಕೇ ಕಾಯುತ್ತಿದ್ದೀರಿ ಎಂದು ಗೊತ್ತು.

ಕೊಡಗಿನಲ್ಲಿ ಯಾವ ಮನೆಯ ಅಜ್ಜನಿಗೂ ಬೇಟೆಯ ಕತೆ ಇಲ್ಲದಿಲ್ಲ. 1972ರ ವನ್ಯಜೀವಿ ಕಾಯಿದೆ ಬಂದ ಮೇಲೆ ಬೇಟೆ ನಿಂತಿತು, ನಿಲ್ಲಬೇಕಿತ್ತು. ಕೋವಿ ಕೈಲ್‌ಪೊಳ್ದ್ ಹಬ್ಬದ ದಿನ ಪೂಜೆಗೆ ಇಳಿಯುತ್ತದೆ, ತೆಂಗಿನಕಾಯಿಗೆ ಗುಂಡು ಹೊಡೆಯುತ್ತಾರೆ. ಅಷ್ಟೇ ಸಾಕು. ನನಗೆ ಗಾಳ ಹಾಕುವ ಚಟ ಇದೆ. ಪರಿಚಯದವರ ತೋಟದ ಕೆರೆಯಲ್ಲಿ, ಅವರನ್ನು ಕೇಳಿ. ಕಾವೇರಿಯ ದೊಡ್ಡ ಮಹಶೀರ್ ಮೀನಿನ ತಂಟೆಗೆ ಹೋಗುವುದಿಲ್ಲ. ಅದಕ್ಕೆ ಸರಿಯಾದ ವೈಜ್ಞಾನಿಕ ಹೆಸರು ಖಚಿತವಾದದ್ದೇ 2018ರಲ್ಲಿ, ಟಾರ್ ರೆಮಾದೇವಿಯೈ ಎಂದು. ಅದೇ ವರ್ಷ ಅಳಿವಿನ ಅಂಚಿನ ಪಟ್ಟಿಗೂ ಸೇರಿತು. ಯೇಸುವಿನ ಶಿಷ್ಯ ಪೇತ್ರ ರಾತ್ರಿಯೆಲ್ಲ ಬಲೆ ಬೀಸಿ ಬರಿಗೈಯಲ್ಲಿ ಬಂದ ಕತೆ ಓದಿದಾಗ ನಮ್ಮ ಸಭೆಯಲ್ಲಿ ಗಾಳ ಹಾಕುವವರು ಮಾತ್ರ ತಲೆದೂಗುತ್ತಾರೆ.

ದೇವರಕಾಡಿನ ವಿಷಯಕ್ಕೆ ನನ್ನ ಮೇಲೆ ಆಕ್ಷೇಪ ಇದೆ, ನಮ್ಮವರದ್ದೇ. ಕೊಡಗಿನಲ್ಲಿ 1214 ದೇವರಕಾಡುಗಳಿವೆ ಎಂದು ಲೆಕ್ಕ. ಯುವಜನರನ್ನು ಕರೆದುಕೊಂಡು ನಡೆಯಲು ಹೋದಾಗ ದೇವರಕಾಡು ಸಿಕ್ಕಿದರೆ, ಊರಿನವರು ಎಲ್ಲಿ ಚಪ್ಪಲಿ ಬಿಡುತ್ತಾರೋ ಅಲ್ಲೇ ನಾವೂ ಬಿಡುತ್ತೇವೆ, ಎಲ್ಲಿಂದ ಒಳಗೆ ಹೋಗಬಾರದೋ ಅಲ್ಲೇ ನಿಲ್ಲುತ್ತೇವೆ. ಕ್ರೈಸ್ತರು ಹಾಗೆ ಮಾಡಬಹುದಾ ಎಂದು ಕೇಳುತ್ತಾರೆ. ಬೇರೆಯವರ ಮನೆಗೆ ಹೋದರೆ ಚಪ್ಪಲಿ ಬಿಡುವುದಿಲ್ಲವಾ? ನನಗೆ ಇನ್ನೂ ಒಂದು ಮಾತು ಕೇಳಬೇಕು ಅನ್ನಿಸುತ್ತದೆ. ಅವರ ದೇವರ ಹೆಸರಲ್ಲಿ ಅಷ್ಟು ಮರ ಉಳಿದವು. ನಮ್ಮ ದೇವರ ಹೆಸರಲ್ಲಿ ಎಷ್ಟು ಉಳಿದಿವೆ? ಹಳೆ ಚರ್ಚುಗಳ ಸಮಾಧಿ ಜಾಗದಲ್ಲಿ ಒಳ್ಳೆಯ ಮರಗಳಿದ್ದವು. ಕೆಲವು ಕಡೆ ಅವನ್ನು ಕಡಿದು ಅಂಗಡಿ ಮಳಿಗೆ ಕಟ್ಟಿದ್ದೇವೆ. ಬಾಡಿಗೆ ಬರುತ್ತದೆ, ನಿಜ.

ಯುವಜನರ ಜೊತೆ ನಾವು ಹೆಚ್ಚಾಗಿ ಹೋಗುವುದು ತಡಿಯಂಡಮೋಳಿಗೆ. ಕೊಡಗಿನ ಅತಿ ಎತ್ತರದ ಬೆಟ್ಟ, 1748 ಮೀಟರ್. ಕಕ್ಕಬ್ಬೆ ಹತ್ತಿರ ನಾಲ್ಕುನಾಡು ಅರಮನೆಯ ಪಕ್ಕದಿಂದ ಹತ್ತುವುದು. ಕೊನೆಗೆ ಶೋಲಾ ಕಾಡಿನೊಳಗೆ ಕಡಿದಾದ ಏರು ಬರುತ್ತದೆ, ಅಲ್ಲಿಯ ತನಕ ಹಾಡುತ್ತಿದ್ದವರೆಲ್ಲ ಗಪ್‌ಚುಪ್. ಮೇಲೆ ಹೋಗಿ ನಾನು ಪ್ರಸಂಗ ಮಾಡುವುದಿಲ್ಲ, ಬುತ್ತಿ ಬಿಚ್ಚುತ್ತೇವೆ. ಇಳಿಯುವಾಗ ಎಲ್ಲರ ಕೈಯಲ್ಲೂ ಒಂದು ಚೀಲ, ಬೇರೆಯವರು ಎಸೆದ ಬಾಟಲಿ ತುಂಬಲು. ಮಾತು ಇಳಿಯುವಾಗಲೇ ಜಾಸ್ತಿ ಬರುತ್ತದೆ. ಯಾಕೋ ಗೊತ್ತಿಲ್ಲ, ಮಂಡಿ ನೋಯುವಾಗ ಹುಡುಗರು ಅಪ್ಪನ ಬಗ್ಗೆ ಮಾತಾಡುತ್ತಾರೆ.

ಇತ್ತೀಚೆಗೆ ತೋಟಗಳಲ್ಲಿ ಅಸ್ಸಾಂ, ಜಾರ್ಖಂಡ್ ಕಡೆಯವರು ತುಂಬಾ ಇದ್ದಾರೆ. ಅವರಲ್ಲಿ ಕ್ರೈಸ್ತರೂ ಇದ್ದಾರೆ. ನನ್ನ ಹಿಂದಿ ಅವರಿಗೆ ನಗು, ಅವರ ಕನ್ನಡ ನನಗೆ ನಗು. ಕ್ರಿಸ್‌ಮಸ್ ರಾತ್ರಿ ಕ್ಯಾರಲ್‌ಗೆ ಹೋದಾಗ ಅವರು ಮಾಂದರ್ ಬಡಿದು ಸಾಲಾಗಿ ಕೈ ಹಿಡಿದು ಕುಣಿದರು. ನಮ್ಮವರು ಗಿಟಾರ್ ಇಟ್ಟುಕೊಂಡು ನೋಡುತ್ತಾ ನಿಂತಿದ್ದರು. ಆಮೇಲೆ ನಮ್ಮ ಸಭೆಯ ಒಬ್ಬ ಅಜ್ಜ, ವಾಲಗಕ್ಕೆ ಕುಣಿದು ಅಭ್ಯಾಸ ಇದ್ದವರು, ಸಾಲಿಗೆ ಸೇರಿಕೊಂಡರು. ಆನೆಯೂ ಅವತ್ತು ದೂರ ಹೋಗಿರಬೇಕು, ಅಷ್ಟು ಸದ್ದು!

ನನ್ನ ಮಾತು ಇಷ್ಟು. ಪ್ರಶ್ನೆ ಇದ್ದರೆ ಕೇಳಿ.

ಒಬ್ಬ ಹಿರಿಯರು ಕೇಳಿದರು: "ಹಾಡಿಗಳಿಗೆ, ಲೈನುಗಳಿಗೆ ಇಷ್ಟು ಹೋಗ್ತೀರಲ್ಲ, ಮತಾಂತರ ಮಾಡೋಕೆ ಅಂತ ಜನ ಮಾತಾಡ್ತಾರೆ. ನೀವೇನು ಹೇಳ್ತೀರಿ?"

ನೇರವಾಗಿ ಕೇಳಿದ್ದಕ್ಕೆ ಸಂತೋಷ. ಹಿಂದೆ ಆಡುವುದಕ್ಕಿಂತ ಇದು ಮೇಲು. ನಾನು ಹೋಗುವುದು ನಮ್ಮ ಸಭೆಯವರ ಮನೆಗೆ. ಪಕ್ಕದ ಮನೆಯವರು ಕಾಫಿಗೆ ಕರೆದರೆ ಅಲ್ಲಿಗೂ ಹೋಗುತ್ತೇನೆ. ಯೇಸುವಿನ ಬಗ್ಗೆ ಕೇಳಿದರೆ ಹೇಳುತ್ತೇನೆ, ಮುಚ್ಚಿಡುವುದಿಲ್ಲ, ಅದು ನನ್ನ ನಂಬಿಕೆ. ಆದರೆ ಅಕ್ಕಿ ತೋರಿಸಿ, ಕಾಯಿಲೆ ತೋರಿಸಿ, ಹೆದರಿಸಿ ಕರೆಯುವುದು ನನಗೆ ಅಸಹ್ಯ. ಹಾಗೆ ಮಾಡುವವರು ನಮ್ಮಲ್ಲಿ ಇದ್ದರೆ ನಾನೇ ಅವರ ಎದುರು ನಿಲ್ಲುತ್ತೇನೆ. ಹಾಡಿಯಲ್ಲಿ ಯರವರೋ ಜೇನುಕುರುಬರೋ ನನ್ನನ್ನು ಕರೆದದ್ದು ಹೆಚ್ಚಾಗಿ ಅರ್ಜಿ ಬರೆಸಲು. ನಿಮಗೆ ಅನುಮಾನ ಇದ್ದರೆ ಒಂದು ದಿನ ನನ್ನ ಜೊತೆ ನಡೆದು ಬನ್ನಿ. ನಾನು ನಿಜವಾಗಿ ಕರೆಯುತ್ತಿದ್ದೇನೆ. ಕಾಲಿಗೆ ಹತ್ತಿ ರಕ್ತ ಹೀರುವ ಉಂಬಳಕ್ಕೆ ಉಪ್ಪು, ಹೊಗೆಸೊಪ್ಪು ನಾನೇ ತರುತ್ತೇನೆ.

ಒಬ್ಬ ವಿದ್ಯಾರ್ಥಿನಿ ಕೇಳಿದಳು: "ಹುಡುಗಿಯರು ಈ ಕೆಲಸಕ್ಕೆ ಬರಬಹುದಾ ಸರ್? ತೋಟ, ಕಾಡು, ಒಬ್ಬಳೇ ನಡೆಯೋದು..."

ಬರಬಹುದಮ್ಮಾ. ನಮ್ಮ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲಿ ಹೆಣ್ಣುಮಕ್ಕಳಿಗೂ ಗುರುದೀಕ್ಷೆ ಇದೆ. 2013ರಲ್ಲಿ ಆಂಧ್ರದ ನಂದ್ಯಾಲದಲ್ಲಿ ಪುಷ್ಪಲಲಿತಾ ಅವರು ಬಿಷಪ್ಪೇ ಆದರು. ನೀನು ಕೇಳಿದ್ದು ಅದಲ್ಲ, ನಡೆಯುವುದರ ಬಗ್ಗೆ. ನಿಜ ಹೇಳುತ್ತೇನೆ, ಆನೆ ನಿನಗೂ ನನಗೂ ಒಂದೇ. ಮನುಷ್ಯರ ಭಯ ನಿನಗೆ ಜಾಸ್ತಿ, ಅದನ್ನು ನಾನು ಸುಮ್ನೆ ತಳ್ಳಿಹಾಕುವುದಿಲ್ಲ. ಇಬ್ಬರಾಗಿ ಹೋಗಬೇಕು, ಸಭೆಯ ಹೆಂಗಸರಲ್ಲಿ ಒಬ್ಬರನ್ನು ಕರೆದುಕೊಂಡು. ಆದರೆ ಲೈನ್ ಮನೆಯ ಹೆಂಗಸರು ನನಗೆ ಹೇಳದ ಮಾತು ಎಷ್ಟೋ ಇವೆ. ಗೇಟಿನ ತನಕ ಬಿಡಲು ಯಾವಾಗಲೂ ಗಂಡಸರೇ ಬರುತ್ತಾರೆ. ಅಡುಗೆಮನೆ ಹಿಂದಿನ ನಲ್ಲಿಯ ಹತ್ತಿರ, ಸೌದೆ ತರುವ ದಾರಿಯಲ್ಲಿ ಯಾರು ಏನು ಹೇಳಿಕೊಳ್ಳುತ್ತಾರೋ ಅದು ನನಗೆ ಇವತ್ತಿಗೂ ಗೊತ್ತಿಲ್ಲ. ಅಲ್ಲಿಗೆ ನೀನೇ ಹೋಗಬೇಕು. ಬರುವುದಾದರೆ ಕಾಫಿಗೆ ಹೂ ತರಿಸುವ ಹೂಮಳೆ ಬಿದ್ದ ಮೇಲೆ ಏಪ್ರಿಲ್‌ನಲ್ಲಿ ಶುರು ಮಾಡು, ದಾರಿ ಗುರುತಾಗುತ್ತದೆ. ಗಂಬೂಟು ಒಂದು ಸೈಜ್ ದೊಡ್ಡದು ತಗೋ, ಒಳಗೆ ದಪ್ಪ ಕಾಲುಚೀಲ ಹಾಕಬೇಕಾಗುತ್ತದೆ.